ಎರಿ ಮಣ್ಣು

ಹೋದ ವರ್ಷ ಮಣ್ಣೆತ್ತಿನ ಅಮವಾಸಿಗೆ ಹೆಂಡತಿ, ಮಗಳನ್ನು ಕರಕೊಂಡು ಊರಿಗೆ ಹೋಗಿದ್ದೆ. ನಮ್ಮದು ಘಟಪ್ರಭಾ ದಂಡೆಯ ಸಣ್ಣ ಹಳ್ಳಿ. ಮೊದಲು ಗೋಕಾಕ ತಾಲೂಕಿನಲ್ಲಿತ್ತು, ಈಗ ಮೂಡಲಗಿಗೆ ಸೇರಿದೆ. ಚಹಾ ಕುಡಿದು ಮುಗಿಸೋದರೊಳಗೆ ಅವ್ವ ಬುಟ್ಟಿ ತಂದು ಮುಂದಿಟ್ಟಳು.

"ತಮ್ಮಾ, ಹೊಲಕ್ಕ ಹೋಗಿ ಒಂದ್ ಬುಟ್ಟಿ ಎರಿ ಮಣ್ಣ ತಗೊಂಡ ಬಾ. ಅವರನ್ನ ಒಂದ್ ಮಾತ ಕೇಳಪಾ ಮತ್ತ."

ಅವರು ಅಂದರೆ ನಮ್ಮ ಹೊಲ ಕೊಂಡವರು. ಬೆಂಗಳೂರಿನಲ್ಲಿ ನಾನು ಫ್ಲ್ಯಾಟ್ ತಗೊಳ್ಳುವಾಗ ಮುಂಗಡಕ್ಕೆ ದುಡ್ಡು ಸಾಲದೆ ಅರ್ಧ ಹೊಲ ಮಾರಿದ್ದೆವು. ಅವ್ವ ಆಗ ಏನೂ ಅನ್ನಲಿಲ್ಲ, ತೋರಿಸಿದಲ್ಲಿ ಹೆಬ್ಬೆಟ್ಟು ಒತ್ತಿದಳು. ಒಳ್ಳೆ ಎರಿ ಮಣ್ಣು ಇದ್ದದ್ದು ಮಾರಿದ ಆ ಅರ್ಧದಲ್ಲೇ. ಉಳಿದದ್ದು ಮಸಾರಿ. ಮಸಾರಿ ಮಣ್ಣಿನಲ್ಲಿ ಎತ್ತಿನ ಕಾಲು ನಿಲ್ಲೋದಿಲ್ಲ, ಕೋಡು ಮುರಿದು ಬೀಳುತ್ತೆ.

ಬುಟ್ಟಿ ಹಿಡಿದು ಬದುವಿನ ಮೇಲೆ ನಡೀತಾ ಇದ್ದಾಗ, ಆಫೀಸಿನ ಗೆಳೆಯನೊಬ್ಬ ಹಿಂದೊಮ್ಮೆ ಊಟದ ಹೊತ್ತಿನಲ್ಲಿ ಮೊಬೈಲಿನಲ್ಲಿ ತೋರಿಸಿದ ಚಿತ್ರಗಳು ನೆನಪಾದವು. ಅವನಿಗೆ ಕಲೆಯ ಹುಚ್ಚು. "ನಿಮ್ಮ ಕರ್ನಾಟಕದವರೇ, ಶೀಲಾ ಗೌಡ, ಸಗಣಿಯಲ್ಲಿ ಕಲಾಕೃತಿ ಮಾಡಿದ್ದಾರೆ ನೋಡು" ಅಂದಿದ್ದ. ನಾನು ನಕ್ಕುಬಿಟ್ಟೆ. ನಮ್ಮವ್ವ ಮೂವತ್ತು ವರ್ಷ ಸಗಣಿಯಿಂದ ನೆಲ ಸಾರಿಸಿದಳು, ಕುಳ್ಳು ತಟ್ಟಿದಳು, ಅವಳನ್ನು ಯಾವ ಗ್ಯಾಲರಿಯವರೂ ಕರೀಲಿಲ್ಲ ಅಂದೆ. ನಗುವಿನ ಕೆಳಗೆ ಸಿಟ್ಟೂ ಇತ್ತು. ಬಿಇ ಮೊದಲ ವರ್ಷ ಹಾಸ್ಟೆಲ್ಲಿನಲ್ಲಿ, ನಮ್ಮನೆಯದು ಸಗಣಿ ಸಾರಿಸಿದ ನೆಲ ಅನ್ನೋದನ್ನ ಯಾರಿಗೂ ಹೇಳದೆ ಮುಚ್ಚಿಟ್ಟವನು ನಾನು.

ಆಮೇಲೆ ರಾತ್ರಿ ಕೂತು ಅವರ ಬಗ್ಗೆ ಓದಿದೆ. ಶೀಲಾ ಗೌಡ ಹುಟ್ಟಿದ್ದು 1957ರಲ್ಲಿ, ಭದ್ರಾವತಿಯಲ್ಲಿ. ಬೆಂಗಳೂರಿನ ಕೆನ್ ಕಲಾಶಾಲೆ, ಶಾಂತಿನಿಕೇತನ, ಲಂಡನ್ನಿನ ರಾಯಲ್ ಕಾಲೇಜ್ ಆಫ್ ಆರ್ಟ್, ಇಷ್ಟೂ ಕಡೆ ಕಲಿತವರು. ಮೊದಲು ಎಣ್ಣೆಬಣ್ಣದ ಚಿತ್ರ ಬರೀತಿದ್ದರು. 1990ರ ದಶಕದಲ್ಲಿ, ದೇಶದಲ್ಲಿ ಕೋಮುಗಲಭೆ ಹೊತ್ತಿ ಉರಿದ ಕಾಲಕ್ಕೆ, ಸಗಣಿಯನ್ನು ಕೈಗೆ ತಗೊಂಡರು. ಸಗಣಿ ಪೂಜೆಗೂ ಆಗುತ್ತೆ, ಒಲೆಗೂ ಆಗುತ್ತೆ. ಅದನ್ನು ತಟ್ಟೋದು, ಬಳಿಯೋದು ಮಾತ್ರ ಹೆಂಗಸರ ಪಾಲಿನ ದುಡಿಮೆ. 1998ರಲ್ಲಿ ಇನ್ನೊಂದು ಕೃತಿ ಮಾಡಿದರು: ನೂರಾರು ಸೂಜಿಗಳಲ್ಲಿ ಉದ್ದುದ್ದ ನೂಲು ಪೋಣಿಸಿ, ಕುಂಕುಮ ಅಂಟು ಬಳಿದು, ಕೆಂಪು ಹಗ್ಗವಾಗಿ ಹೊಸೆದು ತೂಗುಬಿಟ್ಟದ್ದು. ಹಗ್ಗದ ತುದಿಗೆ ಸೂಜಿಗಳು ಗೊಂಚಲಾಗಿ ಹಾಗೇ ಇವೆ. ಮಾಡಿದ ಕೆಲಸ ಮುಚ್ಚಿಹೋಗಿಲ್ಲ.

2009ರ 'ಬಿಹೋಲ್ಡ್' ಅನ್ನೋ ಕೃತಿ ಈಗ ಲಂಡನ್ನಿನ ಟೇಟ್ ಸಂಗ್ರಹದಲ್ಲಿದೆ. ಮನುಷ್ಯರ ಕೂದಲಿನಿಂದ ಹೆಣೆದ ಸುಮಾರು 4 ಕಿಲೋಮೀಟರ್ ಹಗ್ಗ, ಅದರಿಂದ ಜೋತುಬಿದ್ದ ಕಾರಿನ ಬಂಪರ್‌ಗಳು. ಬೆಂಗಳೂರಿನಲ್ಲಿ ದೃಷ್ಟಿ ತಾಗಬಾರದು ಅಂತ ಗಾಡಿಯ ಬಂಪರಿಗೆ ಕೂದಲ ಹಗ್ಗ ಕಟ್ಟೋದನ್ನ ನೋಡಿ ಅವರಿಗೆ ಹೊಳೆದದ್ದು. ಆ ಕೂದಲು ದೇವಸ್ಥಾನದಲ್ಲಿ ಯಾರೋ ಹರಕೆ ಹೊತ್ತು ಕೊಟ್ಟದ್ದು. ನಮ್ಮ ಕಡೆ ಕಬ್ಬಿನ ಟ್ರ್ಯಾಕ್ಟರಿಗೂ ಕರಿ ಗೊಂಡೆ ಕಟ್ತಾರೆ. ಎಷ್ಟು ಸಲ ನೋಡಿದ್ದೇನೋ. ಅದು ಯಾರ ತಲೆಯಿಂದ ಬಂತು ಅಂತ ಒಮ್ಮೆಯೂ ಕೇಳಿಕೊಂಡಿರಲಿಲ್ಲ.

ಗೋಕಾಕ ಅಂದಕೂಡಲೇ ಜನ ಕರದಂಟು ಅಂತಾರೆ, ಫಾಲ್ಸ್ ಅಂತಾರೆ. ನನಗೆ ಮೊದಲು ನೆನಪಾಗೋದು ಗೊಂಬೆ. ಹಗುರ ಕಟ್ಟಿಗೆ ಕೆತ್ತಿ ಬಣ್ಣ ಹಚ್ಚಿದ ಗೊಂಬೆಗಳು, ಮಣ್ಣಿನ ಹಣ್ಣುಗಳು. ಸಣ್ಣವನಿದ್ದಾಗ ಗೋಕಾಕದಲ್ಲಿ ಅತ್ತಿ ಮನೆಯ ಕಪಾಟಿನಲ್ಲಿದ್ದ ಮಾವಿನಹಣ್ಣನ್ನು ಕದ್ದು ಕಚ್ಚಿದ್ದೆ. ಬಾಯಿ ತುಂಬ ಮಣ್ಣು! ಅತ್ತಿ ಆ ಹಲ್ಲಿನ ಗುರುತು ಬಂದವರಿಗೆಲ್ಲ ತೋರಿಸಿ ನಗುತ್ತಿದ್ದಳು. ಮಣ್ಣು ಅಂತ ಗೊತ್ತಾಗದಂಗ ಮಾಡೋದು ಆ ಗೊಂಬೆಯವರ ಕಸುಬು. ಶೀಲಾ ಗೌಡರದು ತಿರುಗಾಮುರುಗಾ. ಸಗಣಿ ಸಗಣಿಯಾಗೇ, ಕೂದಲು ಕೂದಲಾಗೇ ಕಾಣಬೇಕು.

ಅವ್ವನ ಎತ್ತು ಇವೆರಡರ ಸಾಲಿಗೂ ಬರೋದಿಲ್ಲ. ಅಮವಾಸಿ ದಿನ ಮಾಡ್ತಾಳೆ, ಜೊತೆಗೊಂದು ಗ್ವಾದಲಿ, ಕಣ್ಣಿಗೆ ಕುಸುಬಿ ಕಾಳು. ಪೂಜೆ, ಹೋಳಿಗೆ ನೈವೇದ್ಯ. ಆಮೇಲೆ ನೀರಿಗೆ ಬಿಟ್ಟರೆ ಮತ್ತೆ ಮಣ್ಣು. ಇಟ್ಟುಕೊಳ್ಳೋಕೆ ಮಾಡಿದ್ದಲ್ಲ ಅದು. ಮುಂದಿನ ವರ್ಷ ಹೊಲದಲ್ಲಿ ಮಣ್ಣು ಇದ್ದೇ ಇರುತ್ತೆ ಅನ್ನೋ ಧೈರ್ಯದ ಮೇಲೆ ನಡೆದ ಹಬ್ಬ.

ಹೊಲದವರು ಪಂಪಿನ ಹತ್ತಿರ ನಿಂತಿದ್ದರು. ಕೇಳಿದೆ. "ಅಯ್ಯ, ಮಣ್ಣಿಗೇನ್ ಕೇಳ್ತೀರಿ ಸಾವ್ಕಾರ್ರ, ಬೇಕಾದಷ್ಟ ಒಯ್ಯಿರಿ" ಅಂದ್ರು. ಒಳ್ಳೆ ಮನುಷ್ಯರು. ಆದರೆ ಗುದ್ದಲಿ ಹಾಕುವಾಗ ನನಗೆ ಕೈ ಬರಲಿಲ್ಲ. ಬೇರೆಯವರ ಡಬ್ಬಿಗೆ ಕೈ ಹಾಕಿದಂಗಾಯ್ತು.

ಮನೆಗೆ ಬಂದು ಅವ್ವನ ಮುಂದೆ ಒಪ್ಪಿಕೊಳ್ಳೋ ಹಂಗೆ ಅಂದೆ: "ಟೈಲ್ಸ್ ಹಾಕ್ಸಿದ್ದೂ ತಪ್ಪಾತೇನೋ ಬೇ. ಸಾರ್ಸಿದ್ ನೆಲ ಎಷ್ಟ ಚಂದಿತ್ತು."

ಅವ್ವ ಮಣ್ಣು ನಾದುತ್ತಾ ನನ್ನನ್ನು ಹುಚ್ಚನಂತೆ ನೋಡಿದಳು. "ನೀ ಸಾರ್ಸಿದ್ಯೇನ? ಮೊಣಕಾಲ ಹೋದ್ವು ನನ್ನೂ. ಟೈಲ್ಸ್ ಇರ್ಲಿ."

ಅಲ್ಲಿಗೆ ನನ್ನ ಪರಂಪರೆಯ ಮಾತು ಮುಗೀತು. ಹೊಲದ ಮಾತು ಅವಳೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ.

ಆರು ವರ್ಷದ ಮಗಳು ಆಯಿಯ ಪಕ್ಕ ಕೂತು ಒಂದು ಎತ್ತು ಮಾಡಿದಳು. ಅದು ನಾಯಿಯಂಗಿತ್ತು. ಹುಕ್ಕೇರಿಯಿಂದ ಅಕ್ಕ ಫೋನ್ ಮಾಡಿ, "ನಾವ್ ಈ ಸಲ ಪೇಟ್ಯಾಗಿಂದ ಬಣ್ಣದ್ದ ತಂದೀವಿ, ಪಿಒಪಿದ್ದು, ಭಾಳ ಚಂದ ಅದಾವು" ಅಂತ ವಿಡಿಯೋದಲ್ಲಿ ತೋರಿಸಿದಳು. ನಿಜವಾಗಿ ಚಂದ ಇದ್ದವು. ಅವ್ವ ನೋಡಿ, "ಚಂದ ಅದಾವ. ನೀರಾಗ ಬಿಟ್ರ ಕರಗತಾವೇನ?" ಅಂದಳು. ಅಕ್ಕ ಸುಮ್ಮನಾದಳು.

ಬೆಂಗಳೂರಿಗೆ ಹೊರಡುವಾಗ ಉಳಿದ ಮಣ್ಣನ್ನು ಅವ್ವ ಒದ್ದೆ ಬಟ್ಟೆಯಲ್ಲಿ ಸುತ್ತಿ ಕೊಟ್ಟಳು. ಆಷಾಢದ ಮಂಗಳವಾರ ಮೊಮ್ಮಗಳು ಗುಳ್ಳವ್ವನ ಮಾಡಲಿ ಅಂತ. ಹಿಂದಿನ ವರ್ಷ ಅವಳು ಅಂಗಡಿಯ ಬಣ್ಣದ ಕ್ಲೇಯಲ್ಲಿ ಮಾಡಿದ್ದಳು, ಫೋಟೋ ಕಳಿಸಿ ನಾನೂ ಬೀಗಿದ್ದೆ. ನಮ್ಮ ಭಾಷೆಯಲ್ಲಿ ಹೇಳಬೇಕಂದ್ರೆ, ಕೋಡ್ ಕಾಪಿ ಮಾಡಿಕೊಂಡು ಬಂದು, ಅದು ಓಡೋಕೆ ಬೇಕಾದ ಲೈಬ್ರರಿಯನ್ನು ಊರಲ್ಲೇ ಮಾರಿ ಬಂದಿದ್ದೆ.

ಮಣ್ಣು ಅಡುಗೆಮನೆಯ ಸ್ಟೀಲ್ ಡಬ್ಬಿಯಲ್ಲಿತ್ತು. ಒಣಗಿ ಬಿರುಕು ಬಿಟ್ಟರೂ ನೀರು ಚಿಮುಕಿಸಿದರೆ ಮತ್ತೆ ಮೆತ್ತಗಾಗುತ್ತಿತ್ತು. ಮಗಳು ಮೂರು ಮಂಗಳವಾರ ಗುಳ್ಳವ್ವನ ಮಾಡಿದಳು. ನಾಲ್ಕನೇ ಮಂಗಳವಾರಕ್ಕೆ ಡಬ್ಬಿ ಖಾಲಿ.

"ಪಪ್ಪಾ, ಇನ್ನೂ ತರೋಣ?" ಅಂದಳು.

ಮುಂದಿನ ಅಮವಾಸಿಗೆ ತರೋಣ ಅಂದೆ. ಕೇಳಿ ತರಬೇಕು ಅನ್ನೋದನ್ನ ಅವಳಿಗೆ ಹೇಳಲಿಲ್ಲ.