ತೋಟಾದೊಳಗೆ ಗುಂಡು ಎಷ್ಟು ಆಳ ಕೂರಬೇಕು?

ಕೊಡಗಿನಲ್ಲಿ ಕೈಲ್‌ಪೊಳ್ದ್ ಬಂತೆಂದರೆ ತೆಂಗಿನಕಾಯಿಗೆ ಗುಂಡು ಹೊಡೆಯುವ ಸ್ಪರ್ಧೆಯ ಸುದ್ದಿ ಕಳಿಸುವುದು ನನ್ನ ಕೆಲಸ. ಕಾಯಿ ಒಡೆದರೆ ಕೈ ಗಟ್ಟಿ, ತಪ್ಪಿದರೆ ಕೈ ನಡುಗಿತು ಅಂತ ಸುತ್ತ ನಿಂತವರ ತೀರ್ಪು.

ಅಮೆರಿಕದಲ್ಲಿ ಬೆಂಚ್‌ರೆಸ್ಟ್ ಅಂತ ಒಂದು ಸ್ಪರ್ಧೆ ಇದೆ. ರೈಫಲನ್ನು ಮೇಜಿನ ಮೇಲೆ ಮರಳುಚೀಲಕ್ಕೆ ಒರಗಿಸಿ ಹೊಡೆಯುತ್ತಾರೆ, ಹಾಗಾಗಿ ಕೈಯನ್ನು ಅಷ್ಟಾಗಿ ದೂರುವಂತಿಲ್ಲ. ಐದು ಗುಂಡೂ ಆದಷ್ಟು ಒಂದೇ ತೂತಿಗೆ ಹೋಗಬೇಕು. ಅದಕ್ಕೆ ಅವರು ತಾವೇ ತೋಟಾ ತುಂಬಿಕೊಳ್ಳುತ್ತಾರೆ. ಮದ್ದಿನ ತೂಕ ನೋಡಿದ ಮೇಲೆ ಅವರ ತಲೆ ತಿನ್ನುವುದು, ಹಿತ್ತಾಳೆ ಕೋಶದೊಳಗೆ ಗುಂಡು ಎಷ್ಟು ಆಳ ಕೂತಿದೆ ಅನ್ನುವುದು.

ಯಾಕೆಂದರೆ ನಳಿಗೆಯೊಳಗಿನ ಸುರುಳಿ ಗೆರೆಗಳು ತೋಟಾ ಕೂರುವ ಜಾಗದಿಂದ ಸ್ವಲ್ಪ ಮುಂದೆ ಶುರುವಾಗುತ್ತವೆ. ಕುದುರೆ ಎಳೆದಾಗ ಗುಂಡು ಆ ಸಣ್ಣ ಅಂತರವನ್ನು ಜಿಗಿದು ಗೆರೆಗೆ ಸಿಕ್ಕಿಕೊಳ್ಳಬೇಕು. ಸೊಟ್ಟಗೆ ಹೊಕ್ಕರೆ ದೂರದಲ್ಲಿ ಗುರಿ ಚದುರುತ್ತದೆ. ಉದ್ದ ಚೂಪು ಮೂತಿಯ ಗುಂಡುಗಳಿಗೆ ಈ ವಿಷಯದಲ್ಲಿ ಭಾರಿ ಹಟ.

ಮೂತಿಯ ತುದಿ ಹಿಡಿದು ಅಳೆದರೆ ಲೆಕ್ಕ ತಪ್ಪುತ್ತದೆ, ಒಂದೊಂದರ ತುದಿ ಒಂದೊಂದು ಥರ. ಗೆರೆಗೆ ತಾಗುವ ದುಂಡು ಭಾಗದಿಂದ ಬುಡದವರೆಗೆ ಅಳೆಯುತ್ತಾರೆ. ಮೊದಲು ದೊಡ್ಡ ಹೆಜ್ಜೆ, ಇಂಚಿನ 40 ಸಾವಿರಾಂಶ, ಅಂದರೆ ಸುಮಾರು 1 ಮಿಲಿಮೀಟರ್. ಚೆನ್ನಾಗಿ ಬಂದ ಜಾಗದ ಸುತ್ತ ಮತ್ತೆ 3 ಸಾವಿರಾಂಶದ ಹೆಜ್ಜೆ, ಹೆಚ್ಚುಕಡಿಮೆ ಒಂದು ತಲೆಗೂದಲ ದಪ್ಪ. ಅಷ್ಟು ಹೊತ್ತೂ ಮದ್ದು, ಕೋಶ ಯಾವುದನ್ನೂ ಬದಲಿಸುವಂತಿಲ್ಲ.

ನನಗೆ ಹಿಡಿಸಿದ್ದು ಇದರ ಜಗಳ. ಒಬ್ಬ ಮೂರು ಗುಂಡು ಹೊಡೆದು, ಮೂರೂ ಒತ್ತಾಗಿ ಬಿದ್ದವು, ಇದೇ ಸರಿಯಾದ ಆಳ ಅನ್ನುತ್ತಾನೆ. ಇನ್ನೊಬ್ಬ, ಅದೇ ಅಳತೆಯ ತೋಟಾ ಇನ್ನೂ ಇಪ್ಪತ್ತು ಹೊಡಿ ನೋಡೋಣ ಅನ್ನುತ್ತಾನೆ. ಹೊಡೆದರೆ ಎಷ್ಟೋ ಸಲ ಆ ಒತ್ತು ಕಾಣುವುದೇ ಇಲ್ಲ, ಮೊದಲನೆಯದು ಅದೃಷ್ಟ. ನಾನು ಎರಡನೆಯವನ ಪಕ್ಷ. ಮೂರು ಬಳ್ಳಿ ನೋಡಿ ತೋಟದ ಮೆಣಸಿನ ಫಸಲು ಹೇಳುವ ವ್ಯಾಪಾರಿಯನ್ನು ನಾವು ನಂಬುತ್ತೇವೆಯೇ?

ಇದನ್ನು ಓದಿ ಯಾರೂ ಮನೆಯಲ್ಲಿ ಕೈ ಹಾಕಬೇಡಿ. ಮದ್ದು ಅಷ್ಟೇ ಇದ್ದರೂ ಗುಂಡು ಗೆರೆಗೆ ಒತ್ತಿಕೊಂಡಿದ್ದರೆ ಒತ್ತಡ ಏರುತ್ತದೆ, ತೀರಾ ಒಳಗೆ ತುರುಕಿದರೂ ಏರಬಹುದು. ಕೋವಿಯೇ ಸಿಡಿಯಬಹುದು. ಕೊಡವರಿಗೆ, ಜಮ್ಮಾ ಹಿಡುವಳಿದಾರರಿಗೆ ಇರುವ ವಿನಾಯಿತಿ ಕೋವಿ ಇಟ್ಟುಕೊಳ್ಳುವುದಕ್ಕೆ. ಲೈಸೆನ್ಸ್ ಇಲ್ಲದೆ ತೋಟಾ ತಯಾರಿಸುವುದು ಆಯುಧ ಕಾಯ್ದೆಯಲ್ಲಿ ಅಪರಾಧ.

ಇಷ್ಟೆಲ್ಲ ಮಾಡಿ ಸಿಕ್ಕ ಅಳತೆಯೂ ಬಹಳ ದಿನ ನಿಲ್ಲುವುದಿಲ್ಲ. ಬಿಸಿಗೆ ನಳಿಗೆಯ ಗೆರೆಗಳ ಬಾಯಿ ಸವೆದು ಮುಂದೆ ಸರಿಯುತ್ತದೆ. ಆಗ ಮತ್ತೆ ಅಳತೆ, ಮತ್ತೆ ಮರಳುಚೀಲ.