ಪೇಂಟ್ ಬಿಡಿ, ಗಾಡಿ ಕೆಳಗೆ ಮಲಗಿ ನೋಡಿ

ಈ ಬುಧವಾರ ಸಿಕ್ಕ ನಾಲ್ಕು ಜನ ಒಂದೇ ಮಾತು ಕೇಳಿದ್ರು. "ಪಿಕಪ್ ತಗೊಂಡ್ಯಂತೆ, ಎಷ್ಟಕ್ಕಾಯ್ತು?" ರೇಟು ಹೇಳಿದರೆ ಒಬ್ಬ "ಜಾಸ್ತಿ ಕೊಟ್ಟೆ" ಅಂದ, ಇನ್ನೊಬ್ಬ "ಪರವಾಗಿಲ್ಲ" ಅಂದ. ಗಾಡಿ ಕೆಳಗೆ ಏನು ನೋಡಿದೆ ಅಂತ ಒಬ್ಬರೂ ಕೇಳಲಿಲ್ಲ. ಅದಕ್ಕೇ ಬರೀತಿದ್ದೀನಿ. ಸ್ವಲ್ಪ ಉದ್ದ ಆಗುತ್ತೆ, ಚಹಾ ಇಟ್ಕೊಂಡು ಓದಿ.

ಗಾಡಿ ಬೇಕು ಅನ್ನಿಸಿದ್ದು ಹೋದ ಬೇಸಿಗೆ ಭತ್ತದಲ್ಲಿ. ಕಟಾವಿನ ಮಿಷಿನ್ ಬಂದು ಹೋಯ್ತು, ಭತ್ತ ರಸ್ತೆ ಪಕ್ಕ ತಾಡಪಾಲಿನ ಮೇಲೆ ರಾಶಿ. ಮೂರು ಗಂಟೆಗೆ ನ್ಯಾಮತಿ ದಿಕ್ಕಲ್ಲಿ ಮೋಡ ಕಪ್ಪಾಯ್ತು. ಬಾಡಿಗೆ ಪಿಕಪ್ಪಿನ ಐದು ಜನಕ್ಕೆ ಫೋನ್ ಮಾಡಿದೆ. ಎಲ್ಲರ ಭತ್ತವೂ ಅವತ್ತೇ ರಸ್ತೆ ಮೇಲಿತ್ತು, ಯಾರು ಬರ್ತಾರೆ? ಅರ್ಧ ರಾಶಿ ನೆನೀತು. ಅಡಿಕೆ ಟೈಮಲ್ಲೂ ಇದೇ ಪಾಡು, ಹಸಿ ಗೊನೆ ಹೇರಾಕೆ ಬೇರೆಯೋರ ಗಾಡಿ ದಾರಿ ಕಾಯೋದು. ಹೊಸದು ತಗೊಳ್ಳೋ ಶಕ್ತಿ ಇಲ್ಲ. ಸೆಕೆಂಡ್ ಹ್ಯಾಂಡೇ ಸೈ ಅಂತ ಹೊರಟೆ.

ಯಾವ ಕಂಪನಿದು ಒಳ್ಳೇದು ಅಂತ ನನ್ನ ಕೇಳಬೇಡಿ, ನಿಮ್ಮ ಹೊರೆ ಎಷ್ಟು ಅಂತ ಮೊದಲು ಹೇಳಿ. ಟಾಟಾ ಏಸ್ 2005ರಲ್ಲಿ ಬಂದಿದ್ದೇ ಚಿಕ್ಕ ಹೊರೆಗೆ. ಹಳೇ ಏಸ್ ಎರಡು ಸಿಲಿಂಡರಿಂದು, ಮುಕ್ಕಾಲು ಟನ್ನಿನ ಗಾಡಿ. ತೋಟದ ಸಂದಿಯಲ್ಲಿ ಅದು ತಿರುಗಿದಂಗೆ ದೊಡ್ಡದು ತಿರುಗಲ್ಲ. ಹಸಿ ಗೊನೆ ಮನೆಗೆ ತರೋದಷ್ಟೇ ಕೆಲಸ ಆದ್ರೆ ಅದೇ ಸಾಕು. ದೋಸ್ತ್ ಮೂರು ಸಿಲಿಂಡರ್, ಟನ್ನಿನ ಮೇಲೆ ಸ್ವಲ್ಪ. ಬೊಲೆರೊ ಪಿಕಪ್ಪಿನಲ್ಲಿ ಎರಡೂವರೆ ಲೀಟರಿನ ನಾಲ್ಕು ಸಿಲಿಂಡರ್ ಎಂಜಿನ್, ಮಾಡೆಲ್ ಮೇಲೆ ಹೊರೆ ಬೇರೆ ಬೇರೆ.

ನಾವು ಚೀಲ ಎಣಿಸ್ತೀವಿ, ಗಾಡಿಗೆ ಚೀಲದ ಲೆಕ್ಕ ಗೊತ್ತಿಲ್ಲ. 60 ಕೆಜಿಯ 30 ಚೀಲ ಭತ್ತ ಅಂದ್ರೆ 18 ಕ್ವಿಂಟಾಲ್. ಡಿಎಪಿ 20 ಚೀಲ ಅಂದ್ರೆ ಒಂದು ಟನ್. ಸಾವಿರ ಲೀಟರ್ ನೀರೂ ಒಂದು ಟನ್. ಆರ್‌ಸಿಯಲ್ಲಿ ಖಾಲಿ ಗಾಡಿ ತೂಕ, ಹೊರೆ ಸೇರಿದ ಒಟ್ಟು ತೂಕ ಎರಡೂ ಬರೆದಿರ್ತಾರೆ. ದೊಡ್ಡದರಲ್ಲಿ ಚಿಕ್ಕದು ಕಳೀರಿ, ಅಷ್ಟೇ ನಿಮ್ಮ ಗಾಡಿಯ ಹೊರೆ. ಆಮೇಲೆ ಯಾರಾದ್ರೂ ಬಾಡಿಗೆ ದಪ್ಪ ತಗಡು, ಆಂಗ್ಲರ್ ಹೊಡೆಸಿದ್ರೆ ಆ ತೂಕವನ್ನೂ ಕಳೀಬೇಕು. ಒಟ್ಟು ತೂಕ 3000 ಕೆಜಿ ಒಳಗಿದ್ರೆ ಪರ್ಮಿಟ್ ಬೇಡ ಅನ್ನೋದೂ ನೆನಪಿರಲಿ.

ಮೊದಲನೇ ಗಾಡಿ ನೋಡಿದ್ದು ಸವಳಂಗದ ಕಡೆ. ಏನು ಪೇಂಟು, ಏನು ಸ್ಟಿಕರ್ರು! ಮಗ ಫೋಟೊ ತೆಗೆದು ಆಗಲೇ ಸ್ಟೇಟಸ್ ಹಾಕೋಕೆ ರೆಡಿ. ನಮ್ಮ ಮೆಕ್ಯಾನಿಕ್ ಭಾಯಿ ಬಾನೆಟ್ ಕಡೆ ಹೋಗಲೇ ಇಲ್ಲ. ಗೋಣಿಚೀಲ ಹಾಸಿ ಟಾರ್ಚ್ ಹಿಡಿದು ಸೀದಾ ಗಾಡಿ ಕೆಳಗೆ ಮಲಗಿದ್ರು. ಎರಡು ನಿಮಿಷ ಬಿಟ್ಟು ನನ್ನನ್ನೂ ಕರೆದ್ರು. ಚಾಸಿಸ್ಸಿಗೆ ಹೊಸದಾಗಿ ಕಪ್ಪು ಬಳಿದಿದ್ದಾರೆ, ಹಿಂದಿನ ಕಮಾನ್ ಪಟ್ಟಿ ಕೂರೋ ಜಾಗದಲ್ಲಿ ಆ ಕಪ್ಪಿನ ಅಡಿ ವೆಲ್ಡಿಂಗ್ ಗೆರೆ. ಪಟ್ಟಿ ಬೇರೆ ಎರಡು ಜಾಸ್ತಿ ಹಾಕ್ಸಿದ್ದಾರೆ. "ಜಲ್ಲಿ ಹೊಡೆದಿರೋ ಗಾಡಿ ಇದು" ಅಂದ್ರು ಭಾಯಿ. ಮಾಲೀಕ ಮಾತ್ರ "ತರಕಾರಿ ಬಿಟ್ರೆ ಬೇರೆ ಏನೂ ಹೇರಿಲ್ಲ ಸರ್" ಅಂತಿದ್ದ. ಪಟ್ಟಿ ಜಾಸ್ತಿ ಹಾಕ್ಸಿದ್ರೆ ಗಾಡಿ ತಗ್ಗಲ್ಲ, ಅಷ್ಟೇ. ಬ್ರೇಕ್ ದೊಡ್ಡದಾಗಲ್ಲ, ಆಕ್ಸಲ್ ದಪ್ಪ ಆಗಲ್ಲ. ತಗ್ಗದ ಗಾಡಿ ನೋಡಿ ಇನ್ನೂ ನಾಲ್ಕು ಚೀಲ ಹಾಕೋಣ ಅನ್ನಿಸುತ್ತೆ, ಅಲ್ಲಿಗೆ ಮುಗೀತು.

ಎರಡನೇದು ನಮ್ಮ ದೊಡ್ಡಮ್ಮನ ಮಗಂದು. ಇದನ್ನ ಬರೀಲೋ ಬೇಡವೋ ಅಂತ ಯೋಚನೆ ಮಾಡಿದೆ, ಅಣ್ಣನಿಗೆ ಹೇಳಿಯೇ ಬರೀತಿದ್ದೀನಿ. ಗಾಡಿ ಚೆನ್ನಾಗಿತ್ತು, ರೇಟೂ ಸರಿ ಇತ್ತು. ಮೊಬೈಲಲ್ಲಿ ಗಾಡಿ ನಂಬರ್ ಹಾಕಿ ನೋಡಿದ್ರೆ ಫೈನಾನ್ಸಿನ ಹೆಸರು ಇನ್ನೂ ಕೂತಿದೆ. ಅಣ್ಣ ಕಂತೆಲ್ಲ ಕಟ್ಟಿದ್ದ, ಎನ್‌ಒಸಿ ತಂದಿರಲಿಲ್ಲ. "ಆಮೇಲೆ ಮಾಡ್ಕೊಂಡ್ರಾಯ್ತು, ಈಗ ದುಡ್ಡು ಕೊಟ್ಟು ಗಾಡಿ ಒಯ್ಯಿ" ಅಂದ. ನಾನು "ಫೈನಾನ್ಸಿನ ಎನ್‌ಒಸಿ, ಫಾರಂ 35 ಬಂದ ಮೇಲೆ ದುಡ್ಡು" ಅಂದೆ. "ನನ್ನ ಮೇಲೆ ನಂಬಿಕೆ ಇಲ್ವೇನೋ ತಮ್ಮ?" ಅಂತ ಅತ್ತಿಗೆ ಎದುರಿಗೇ ಕೇಳಿಬಿಟ್ಟ. ಏನು ಹೇಳೋದು? ಎರಡು ತಿಂಗಳು ಮಾತು ಬಿಟ್ಟಿದ್ದ.

ಆದ್ರೆ ಈ ವಿಷಯದಲ್ಲಿ ದಾಕ್ಷಿಣ್ಯ ಇಟ್ಕೋಬೇಡಿ. ಮಾರೋರಿಗೂ ಹೇಳ್ತೀನಿ, 29, 30ನೇ ಫಾರಂಗೆ ಸಹಿ ಹಾಕಿಕೊಟ್ಟು ಮನೆಗೆ ಬಂದು ಮಲಗಬೇಡಿ. ಆರ್‌ಸಿಯಲ್ಲಿ ಯಾರ ಹೆಸರಿದೆಯೋ ಅವರೇ ಮಾಲೀಕರು ಅಂತ 2018ರಲ್ಲಿ ಸುಪ್ರೀಂ ಕೋರ್ಟೇ ಹೇಳಿದೆ. ಗಾಡಿ ಮೂರು ಕೈ ದಾಟಿ ಹೋಗಿ ಎಲ್ಲೋ ಯಾರಿಗೋ ಗುದ್ದಿದ್ರೂ ನೋಟಿಸು ನಿಮ್ಮ ಮನೆಗೇ. ತಗೊಂಡೋರು ಇನ್ಶೂರೆನ್ಸನ್ನ 14 ದಿನದೊಳಗೆ ತಮ್ಮ ಹೆಸರಿಗೆ ಮಾಡ್ಸೋಕೆ ಅರ್ಜಿ ಕೊಡಬೇಕು.

ಮೂರನೇದೇ ಈಗ ನಮ್ಮ ಮನೆ ಮುಂದೆ ನಿಂತಿರೋದು. 2018ರ ಮಾಡೆಲ್, ದಾವಣಗೆರೆ ಕಡೆ ಹಾಲಿನ ಕ್ರೇಟ್ ಹೊಡೀತಿದ್ದ ಗಾಡಿ. ನೋಡಾಕೆ ಏನೂ ಚೆಂದಿಲ್ಲ, ಎಡಗಡೆ ಬಾಗಿಲು ನೆಗ್ಗಿದೆ, ಬಾಡಿ ಹಲಗೆಯೆಲ್ಲ ಹಾಲಿನ ಹುಳಿ ವಾಸನೆ. ಚಾಸಿಸ್ಸು ಮಾತ್ರ ಕಂಪನಿಯಿಂದ ಬಂದಂಗೇ ಇತ್ತು. ಇಂಥ ಗಾಡಿ ದಿನಾ ಓಡಿರುತ್ತೆ, ಕಿಲೋಮೀಟರ್ ಜಾಸ್ತಿ, ಆದರೆ ಹೊರೆ ಲೆಕ್ಕದ್ದು. ಕಡಿಮೆ ಓಡಿದ ಜಲ್ಲಿ ಗಾಡಿಗಿಂತ ಜಾಸ್ತಿ ಓಡಿದ ಹಾಲಿನ ಗಾಡಿ ಮೇಲು. ಮೀಟರ್ ಅಂತೂ ನಂಬಲೇಬೇಡಿ. ಕ್ಲಚ್ ಪೆಡಲಿನ ರಬ್ಬರ್ ನೋಡಿ, ಸ್ಟೇರಿಂಗ್ ಸವೆದಿರೋದು ನೋಡಿ. ಟೈರ್ ಮೇಲೆ ನಾಲ್ಕು ಅಂಕಿ ಇರುತ್ತೆ. 3219 ಅಂದ್ರೆ 2019ರ 32ನೇ ವಾರದ್ದು. ಐವತ್ತು ಸಾವಿರ ಕಿಲೋಮೀಟರ್ ಅಂತ ಮೀಟರ್ ಹೇಳ್ತಾ, ಟೈರ್ ಎರಡನೇ ಸೆಟ್ಟೂ ಸವೆದಿದ್ರೆ ಯಾರೋ ಸುಳ್ಳು ಹೇಳ್ತಿದ್ದಾರೆ.

ನೋಡೋಕೆ ಬೆಳಿಗ್ಗೆ ಬೇಗ ಹೋಗಿ, "ನಾವು ಬರೋವರೆಗೂ ಸ್ಟಾರ್ಟ್ ಮಾಡಬೇಡಿ" ಅಂತ ಮೊದಲೇ ಹೇಳಿ. ಬಿಸಿ ಎಂಜಿನ್ ಯಾವುದಾದ್ರೂ ಸ್ಟಾರ್ಟ್ ಆಗುತ್ತೆ. ಬಾನೆಟ್ ಮುಟ್ಟಿ ನೋಡಿ, ಬೆಚ್ಚಗಿದ್ರೆ ಇನ್ನೊಂದು ದಿನ ಹೋಗಿ. ಸ್ಟಾರ್ಟ್ ಆದ ಮೇಲೆ ನೀಲಿ ಹೊಗೆ ನಿಲ್ಲದೆ ಬರ್ತಿದ್ರೆ ಆಯಿಲ್ ಸುಡ್ತಿದೆ ಅಂತ. ಆಯಿಲ್ ಹಾಕೋ ಮುಚ್ಚಳ ತೆಗೆದಾಗ ಉಸಿರು ಬಿಟ್ಟಂಗೆ ಬುಸ್ ಬುಸ್ ಅಂದ್ರೆ ಬ್ಯಾಕ್ ಕಂಪ್ರೆಷನ್, ಎಂಜಿನ್ ಬಿಚ್ಚೋ ಖರ್ಚು ಹತ್ತಿರದಲ್ಲೇ ಇದೆ. ಆಯಿಲ್ ಹಾಲು ಹಾಕಿದ ಚಹಾದಂಗೆ ಕಂಡ್ರೆ ಅದರೊಳಗೆ ನೀರು ಸೇರಿದೆ, ಮಾತಾಡದೆ ವಾಪಸ್ ಬನ್ನಿ.

ಖಾಲಿ ಗಾಡಿ ಓಡಿಸಿ ನೋಡೋದು ನೋಡಿದಂಗಲ್ಲ. ನನ್ನ ಖರ್ಚಲ್ಲೇ ಡೀಸೆಲ್ ಹಾಕ್ಸಿ, 20 ಚೀಲ ಗೊಬ್ಬರ ತುಂಬಿ ಓಡಿಸಿದೆ. ಏರಲ್ಲಿ ಮೇಲಿನ ಗೇರಿಗೆ ಹಾಕಿ ಒತ್ತಿದಾಗ ಎಂಜಿನ್ ಕೂಗಿ ಗಾಡಿ ಮುಂದೆ ಹೋಗದಿದ್ರೆ ಕ್ಲಚ್ ಪ್ಲೇಟ್ ಮುಗೀತು ಅಂತ. ಇದು ಸರಿ ಇತ್ತು. ವಾಪಸ್ ಬಂದು ಭಾಯಿ ಹಿಂದಿನ ಚಕ್ರ ಬಿಚ್ಚಿಸಿದ್ರು. ಒಳಗೆ ಬ್ರೇಕ್ ಆಯಿಲ್ ಜಿನುಗ್ತಿತ್ತು. "ಗಾಡಿ ತಗೋ. ಆದ್ರೆ ವೀಲ್ ಸಿಲಿಂಡರ್, ಬ್ರೇಕ್ ಶೂ ಹಾಕ್ಸಿದ ಮೇಲೇ ಹೊರೆ ಹಾಕು" ಅಂದ್ರು. ಆ ನೆಪದಲ್ಲಿ ಎಂಟು ಸಾವಿರ ಇಳಿಸಿದೆ. ದುಡ್ಡು ಇಳಿಸಿಕೊಂಡೆ, ಬ್ರೇಕ್ ಮಾಡ್ಸಲಿಲ್ಲ. ನಾಟಿ ಮುಗೀಲಿ ಅಂದ್ಕೊಂಡೆ.

ಬಿಎಸ್ 6 ಯಾಕೆ ತಗೊಳ್ಳಲಿಲ್ಲ ಅಂತ ಕೆಲವರು ಕೇಳ್ತಾರೆ. 2017ರ ಏಪ್ರಿಲ್‌ನಿಂದ ಬಿಎಸ್ 4, 2020ರ ಏಪ್ರಿಲ್‌ನಿಂದ ಬಿಎಸ್ 6. ಬಿಎಸ್ 6 ಡೀಸೆಲ್ ಗಾಡಿಗಳ ಸೈಲೆನ್ಸರ್ ದಾರಿಯಲ್ಲಿ ಮಸಿ ಹಿಡಿಯೋ ಫಿಲ್ಟರ್ ಇರುತ್ತೆ, ಅದು ಸುಟ್ಟು ಸ್ವಚ್ಛ ಆಗಬೇಕಾದ್ರೆ ಗಾಡಿ ಆಗಾಗ ಉದ್ದಕ್ಕೆ ಓಡಬೇಕು. ನನ್ನದು ತೋಟದಿಂದ ಕಣ, ಕಣದಿಂದ ಮನೆ. ವಾರಕ್ಕೆರಡು ಸಲ ಶಿವಮೊಗ್ಗಕ್ಕೋ ದಾವಣಗೆರೆಗೋ ಹೋಗೋರು ಧಾರಾಳವಾಗಿ ತಗೊಳ್ಳಿ. ಹಳೇದಕ್ಕೆ ಒಂದು ಕಿರಿಕಿರಿ ಇದೆ. ಎಂಟು ವರ್ಷದವರೆಗೆ ಎರಡು ವರ್ಷಕ್ಕೊಮ್ಮೆ ಎಫ್‌ಸಿ, ಆಮೇಲೆ ಪ್ರತಿ ವರ್ಷ.

ಇನ್ನು ಎಳೆಯೋ ವಿಷಯ. ಟ್ರ್ಯಾಕ್ಟರಿನ ನೀರಿನ ಟ್ಯಾಂಕರ್ ಪಿಕಪ್ಪಿಗೇ ಕಟ್ಟೋಣ ಅಂತ ಮಗನ ಹಟ. ಹಿಂದುಗಡೆ ಕೊಕ್ಕೆ ಐತಲ್ಲಪ್ಪ ಅಂತಾನೆ. ಆ ಕೊಕ್ಕೆ ಕೆಸರಲ್ಲಿ ಹೂತಾಗ ಎಳೆಯೋಕೆ ಇರೋದು. ಆರ್‌ಸಿಯಲ್ಲಿರೋ ತೂಕ ಗಾಡಿಯದ್ದು, ಹಿಂದೆ ಟ್ರೇಲರಿನ ಲೆಕ್ಕ ಅದರಲ್ಲಿಲ್ಲ. ಎಳೆಯೋದು ಹೆಂಗೋ ಎಳೆಯುತ್ತೆ, ಕ್ಲಚ್ ಸುಟ್ಕೊಂಡಾದ್ರೂ. ನಿಲ್ಲಿಸೋದು ಹೆಂಗೆ? ನಮ್ಮ ಟ್ಯಾಂಕರಿಗೆ ಬ್ರೇಕೇ ಇಲ್ಲ. ಇಳಿಜಾರಲ್ಲಿ ಅಷ್ಟೂ ನೀರು ಹಿಂದಿನಿಂದ ಗಾಡಿ ದಬ್ಬುತ್ತೆ. ಟ್ಯಾಂಕ್ ಅರ್ಧ ಖಾಲಿ ಇದ್ರೆ ಇನ್ನೂ ಕಷ್ಟ, ತಿರುವಿನಲ್ಲಿ ನೀರು ಒಂದೇ ಕಡೆ ಹೊಯ್ದಾಡುತ್ತೆ. ಎಳೆಯೋದಕ್ಕೆ ಟ್ರ್ಯಾಕ್ಟರೇ ಇರಲಿ ಅಂದೆ. ಅವನಿಗೆ ಇನ್ನೂ ಒಪ್ಪಿಗೆ ಇಲ್ಲ.

ಮಗನಿಗೆ ಬುದ್ಧಿ ಹೇಳಿದ ನಾನು ಮಾಡಿದ್ದೇನು ಕೇಳಿ. ನಾಟಿ ದಿನ, ಸಸಿ ಕಟ್ಟು ಹೇರಿಕೊಂಡು ಹೊರಟಿದ್ದೆ. ಆಳಿನ ಹೆಣ್ಮಕ್ಕಳು ದಾರಿಯಲ್ಲಿ ಸಿಕ್ಕಿ, "ಗಾಡಿ ಐತಲ್ಲ ಅಣ್ಣ, ನಾವ್ಯಾಕೆ ನಡೀಬೇಕು?" ಅಂದ್ರು. ಬೇಡ ಅನ್ನೋಕೆ ಬಾಯಿ ಬರಲಿಲ್ಲ. ಹದಿನಾರು ಜನ ಹತ್ತಿದ್ರು. ಚಾನಲ್ ಏರಿಯಿಂದ ಗದ್ದೆಗೆ ಇಳಿಯೋ ಕಡೆ ಎದುರಿಗೆ ಎಮ್ಮೆ ಬಂತು. ಬ್ರೇಕ್ ತುಳಿದೆ. ಪೆಡಲ್ ಸುಮ್ಮನೆ ಕೆಳಗೆ ಹೋಯ್ತು. ಮತ್ತೆ ಮತ್ತೆ ತುಳಿದೆ, ಹ್ಯಾಂಡ್ ಬ್ರೇಕ್ ಎಳೆದೆ. ಮುಂದಿನ ಚಕ್ರ ಏರಿಯ ಅಂಚಿನ ಮಣ್ಣಿಗೆ ತಾಗಿ ನಿಂತಿತು. ಅದರಾಚೆ ತುಂಬಿ ಹರಿಯೋ ಚಾನಲ್. ಹಿಂದೆ ಅವರು ನಗ್ತಿದ್ರು. "ಏನಾಯ್ತಣ್ಣ?" ಅಂತ ಒಬ್ಬಾಕೆ ಕೇಳಿದ್ಲು. "ಏನಿಲ್ಲವ್ವ, ಎಮ್ಮೆ" ಅಂದೆ. ಕೈ ನಡುಗ್ತಿತ್ತು. ಅವತ್ತು ಬುತ್ತಿ ಬಿಚ್ಚೋಕಾಗಲಿಲ್ಲ.

ಸಂಜೆನೇ ಭಾಯಿ ಹತ್ರ ಗಾಡಿ ನಿಲ್ಲಿಸಿದೆ. ಅವರು ಬೈಯಲಿಲ್ಲ, ಅದೇ ಕಷ್ಟ ಆಯ್ತು. ರಾತ್ರಿ ಇನ್ಶೂರೆನ್ಸ್ ಕಾಗದ ತೆಗೆದು ಮಗನ ಕೈಲಿ ಓದಿಸಿದೆ. ಸರಕಿನ ಗಾಡಿಯಲ್ಲಿ ಮಾಲಿನ ಜೊತೆ ಮಾಲಿನ ಯಜಮಾನನೋ ಅವನ ಕಡೆಯೋನೋ ಕೂತಿದ್ರೆ ಕಾನೂನಿನಲ್ಲಿ ರಕ್ಷಣೆ ಇದೆ. ಹಿಂದೆ ನಿಂತ ಹದಿನಾರು ಹೆಣ್ಮಕ್ಕಳಿಗೆ ನಮ್ಮ ಪಾಲಿಸಿಯಲ್ಲಿ ಒಂದು ಸಾಲೂ ಇಲ್ಲ. ಅವರ ಮನೆಗಳಿಗೆ ನಾನು ಏನಂತ ಹೋಗ್ತಿದ್ದೆ? ಲೈಸೆನ್ಸಿನ ಚಿಂತೆಯೂ ಇತ್ತು, ಅದಕ್ಕೆ ತೊಂದರೆ ಇಲ್ಲ. 7500 ಕೆಜಿ ಒಳಗಿನ ಸರಕು ಗಾಡಿಗೆ ಎಲ್‌ಎಂವಿ ಲೈಸೆನ್ಸ್ ಸಾಕು ಅಂತ 2024ರ ನವೆಂಬರಿನಲ್ಲಿ ಸುಪ್ರೀಂ ಕೋರ್ಟ್ ತೀರ್ಪು ಕೊಟ್ಟಿದೆ.

ಈಗ ಪಿಕಪ್ಪಲ್ಲಿ ಸಸಿ ಮಾತ್ರ ಹೋಗುತ್ತೆ. ಆಳಿಗೆ ಪ್ಯಾಸೆಂಜರ್ ಆಟೋ ಹೇಳ್ತೀನಿ, ಎರಡು ಟ್ರಿಪ್ಪಿನ ಬಾಡಿಗೆ ನಂದೇ. ಗಾಡಿ ಬಂದ ಮೇಲೆ ಸೊಕ್ಕು ಬಂತು ಅಂತ ಊರಲ್ಲಿ ಒಂದು ಮಾತು ಓಡಾಡ್ತಿದೆ, ಓಡಾಡಲಿ.

ಅಂದಹಾಗೆ ಅಣ್ಣ ಈಗ ಮಾತಾಡ್ತಾನೆ. ಎನ್‌ಒಸಿ ತರ್ಸಿ ತನ್ನ ಗಾಡಿ ಮಾರಿದ, ಹರಿಹರದ ಹತ್ರ ಇನ್ನೊಂದು ನೋಡಿದ್ದಾನಂತೆ. ಭಾನುವಾರ ಬೆಳಿಗ್ಗೆ ಆರಕ್ಕೆ ಹೊರಡಬೇಕು. ಗೋಣಿಚೀಲ, ಟಾರ್ಚು ನೀನೇ ತಗೊಂಬಾ ಅಂದಿದ್ದಾನೆ.