ಮನೆ ಈಚೆ, ಗದ್ದೆ ಆಚೆ

ಪ್ರೀತಿಯ ಅಕ್ಕ,

ನಿಮ್ಮ ಕಾಗದ ಕೈಸೇರಿತು. ಮನೆ ರಸ್ತೆಯ ಈಚೆ, ಗದ್ದೆ ಆಚೆ. ಎಷ್ಟು ಹೇಳಿದರೂ ನಿಮ್ಮ ಅತ್ತೆಯವರು ದಶಪಥ ಹೆದ್ದಾರಿಯ ಬೇಲಿ ಸಂದಿಯಲ್ಲಿ ನುಸುಳಿಯೇ ದಾಟುತ್ತಾರೆ ಎಂದು ಬರೆದಿದ್ದೀರಿ. ಅವರನ್ನು ಬೈಯಬೇಡಿ. ಮದುವೆಯಾಗಿ ಬಂದಾಗಿನಿಂದ ಅವರು ನಡೆದ ದಾರಿ ಅದು. ನಡುವೆ ಬಂದದ್ದು ಹೆದ್ದಾರಿ.

2023ರ ಮಾರ್ಚ್ 12ರಂದು ಈ ಬೆಂಗಳೂರು–ಮೈಸೂರು ಹೆದ್ದಾರಿಯ ಉದ್ಘಾಟನೆಯಾದಾಗ ನನಗೂ ಸಂತೋಷವಾಗಿತ್ತು. 118 ಕಿ.ಮೀ. ಉದ್ದ, ನಡುವೆ ಆರು ಪಥ, ಎರಡೂ ಬದಿಗೆ ಸರ್ವಿಸ್ ರಸ್ತೆ, ಎಲ್ಲ ಸೇರಿ ದಶಪಥ. ರಾಮನಗರ, ಮದ್ದೂರಿನ ಪೇಟೆಬೀದಿಯಲ್ಲಿ ಲಾರಿಗಳ ನಡುವೆ ಸಿಕ್ಕಿಬಿದ್ದ ಆಂಬುಲೆನ್ಸ್ ಕಂಡವರಿಗೆ ಬೈಪಾಸಿನ ಬೆಲೆ ಗೊತ್ತು. ಆದರೆ ಅದೇ ತಿಂಗಳ ಮಳೆಗೆ ರಾಮನಗರದ ಬಳಿ ರಸ್ತೆಯಲ್ಲಿ ನೀರು ನಿಂತಿತು. ಆಮೇಲೆ ಒಂದರ ಹಿಂದೊಂದು ಸಾವಿನ ಸುದ್ದಿ.

ಅತ್ತೆಯವರ ದಾಟುವಿಕೆಯನ್ನೇ ಲೆಕ್ಕ ಹಾಕಿ ನೋಡೋಣ. ಗಂಟೆಗೆ 100 ಕಿ.ಮೀ. ವೇಗದ ಕಾರು ಸೆಕೆಂಡಿಗೆ ಸುಮಾರು 28 ಮೀಟರ್ ಓಡುತ್ತದೆ. ಒಂದು ಬದಿಯ ಮೂರು ಪಥಗಳ ಅಗಲವೇ ಹತ್ತು ಮೀಟರಿಗೆ ಮೇಲೆ. ತಲೆ ಮೇಲೆ ಹುಲ್ಲಿನ ಹೊರೆ, ಮಂಡಿನೋವು ಬೇರೆ. ಹತ್ತು ಸೆಕೆಂಡಾದರೂ ಬೇಕು. ಅಂದರೆ ಅವರು ಮೊದಲ ಹೆಜ್ಜೆ ಇಡುವಾಗ ಕಾಲು ಕಿಲೋಮೀಟರಿಗೂ ಆಚೆ ಇದ್ದ ಕಾರು, ಆಚೆ ಅಂಚು ಮುಟ್ಟುವ ಮೊದಲೇ ಅವರ ಮೈಮೇಲೆ ಬಂದಿರಬಹುದು. ಹಳೇ ರಸ್ತೆಯ ಗಾಡಿ, ಬಸ್ಸುಗಳಿಗೆ ಪಳಗಿದ ಕಣ್ಣಿಗೆ ಅಷ್ಟು ದೂರದ ಕಾರು 'ಇನ್ನೂ ಎಲ್ಲೋ ಇದೆ' ಅಂತಲೇ ಕಾಣುತ್ತದೆ. ಚಾಲಕನ ಪಾಡೂ ಸುಲಭವಲ್ಲ. ಐವತ್ತರ ವೇಗಕ್ಕಿಂತ ನೂರರಲ್ಲಿ, ಬ್ರೇಕ್ ಹಿಡಿದ ಮೇಲೆ ಗಾಡಿ ನಿಲ್ಲಲು ನಾಲ್ಕು ಪಟ್ಟು ದೂರ ಬೇಕು.

2023ರ ಆಗಸ್ಟ್ 1ರಿಂದ ಬೈಕು, ಆಟೊ, ಟ್ರ್ಯಾಕ್ಟರುಗಳನ್ನು ಮುಖ್ಯ ಪಥದಿಂದ ಹೊರಗಿಟ್ಟರು. ವೇಗ ಹಿಡಿಯುವ ಕ್ಯಾಮೆರಾಗಳು ಬಂದವು. 2024ರಲ್ಲಿ ಈ ರಸ್ತೆಯಲ್ಲಿ ಸತ್ತವರ ಸಂಖ್ಯೆ ಹಿಂದಿನ ವರ್ಷದ ಅರ್ಧಕ್ಕಿಂತ ಕೆಳಗಿಳಿಯಿತು. ಬೈಕಿನವರಿಗೆ ಸಿಟ್ಟು ಬಂತು, ಆದರೂ ಆ ನಿಷೇಧ ಸರಿ ಎಂದೇ ನನ್ನ ಅಭಿಪ್ರಾಯ. ಹಾಗೆ ಹೊರಗಿಟ್ಟವರಿಗೆ ಎಲ್ಲೂ ತುಂಡಾಗದ ಸರ್ವಿಸ್ ರಸ್ತೆ, ರಾತ್ರಿ ಬೆಳಕು ಕೊಡುವುದು ಸರ್ಕಾರದ ಸಾಲ. ಕಬ್ಬು ಅರೆಯುವ ಕಾಲದಲ್ಲಿ ಹಿಂದೆ ಒಂದು ರಿಫ್ಲೆಕ್ಟರೂ ಇಲ್ಲದ ಟ್ರೇಲರು ಕತ್ತಲಲ್ಲಿ ನಿಂತಿರುತ್ತದಲ್ಲ, ಅದನ್ನು ನೆನೆದರೆ ಈಗಲೂ ಎದೆ ಝಲ್ಲೆನ್ನುತ್ತದೆ.

2022ರಲ್ಲಿ ದೇಶದ ರಸ್ತೆಗಳಲ್ಲಿ 1,68,491 ಜನ ಸತ್ತರು. ಅವರಲ್ಲಿ 32 ಸಾವಿರಕ್ಕೂ ಹೆಚ್ಚು ಮಂದಿ ಪಾದಚಾರಿಗಳು. ಒಟ್ಟು ರಸ್ತೆಯಲ್ಲಿ ರಾಷ್ಟ್ರೀಯ ಹೆದ್ದಾರಿಯ ಪಾಲು ನೂರಕ್ಕೆ ಎರಡರಷ್ಟು, ಸಾವಿನಲ್ಲಿ ಮೂರನೇ ಒಂದಕ್ಕಿಂತ ಹೆಚ್ಚು. ನಮ್ಮಲ್ಲಿ ಇಂಥ ಸಾವಿಗೆ 'ಹಣೆಬರಹ' ಅಂದುಬಿಡುತ್ತಾರೆ. ಒಂದು ನಿಯಮ, ನಾಲ್ಕು ಕ್ಯಾಮೆರಾ ಬಂದ ಕೂಡಲೇ ಬದಲಾಗುವುದನ್ನು ಹಣೆಬರಹ ಎನ್ನಲು ನನಗೆ ಮನಸ್ಸು ಬರುವುದಿಲ್ಲ.

ನಿಮ್ಮೂರಿಗೆ ಸ್ಕೈವಾಕ್ ಕೇಳೋಣವೇ ಎಂದಿದ್ದೀರಿ. ಬೇಡ, ಅಂಡರ್‌ಪಾಸೇ ಕೇಳಿ. ಹೊರೆ ಹೊತ್ತವರು ಅಷ್ಟು ಮೆಟ್ಟಿಲು ಹತ್ತುವುದಿಲ್ಲ, ಎಮ್ಮೆ ಹತ್ತುವುದೇ ಇಲ್ಲ. ಕೊನೆಗೆ ಎಲ್ಲರೂ ಬೇಲಿ ಮುರಿಯುತ್ತಾರೆ.

ಈ ನಡುವೆ ಅಪಘಾತ ಕಂಡರೆ ಹೆದ್ದಾರಿ ಸಹಾಯವಾಣಿ 1033ಕ್ಕೆ ಫೋನ್ ಮಾಡಲು ಮಕ್ಕಳಿಗೆ ಹೇಳಿಕೊಡಿ. ಗಾಯಾಳುವಿಗೆ ನೆರವಾದವರು ಹೆಸರು ಹೇಳಲೇಬೇಕೆಂದು ಯಾರೂ ಒತ್ತಾಯಿಸುವಂತಿಲ್ಲ. 2019ರಲ್ಲಿ ತಿದ್ದಿದ ಮೋಟಾರು ವಾಹನ ಕಾಯ್ದೆಯಡಿ ಆ ರಕ್ಷಣೆ ಇದೆ. ಊರಲ್ಲಿ ಇದನ್ನು ನಾಲ್ಕು ಜನರಿಗೆ ತಿಳಿಸಿ, ಪೊಲೀಸ್ ಠಾಣೆಯ ಭಯ ದೊಡ್ಡದು.

ಬೇಲಿ ಒಡೆದ ಜಾಗದ ಹತ್ತಿರದ ಕಿಲೋಮೀಟರ್ ಕಲ್ಲಿನ ಸಂಖ್ಯೆಯನ್ನು ಸರ್ವಿಸ್ ರಸ್ತೆಯಲ್ಲೇ ನಿಂತು ನೋಡಿ ಬರೆದು ಕಳಿಸಿ. ದಿನಕ್ಕೆ ಎಷ್ಟು ಜನ, ಎಷ್ಟು ದನ ದಾಟುತ್ತವೆ ಎಂಬುದೂ ಇರಲಿ. ಹೆದ್ದಾರಿ ಪ್ರಾಧಿಕಾರಕ್ಕೂ ಸಂಸದರಿಗೂ ಕೊಡುವ ಅರ್ಜಿಯನ್ನು ನಾನು ಬರೆದುಕೊಡುತ್ತೇನೆ, ಪಂಚಾಯಿತಿಯ ಠರಾವನ್ನು ನೀವು ಮಾಡಿಸಿ.

ಇಂತಿ ನಿಮ್ಮ ಪ್ರೀತಿಯ
ತಮ್ಮ